ದಾಹ ಯಾರ ತಪ್ಪು?

ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆಂದು ಪಟ್ಟಣದ ಬಸ್ಸು ಹಿಡಿಯುವವರು ನಿಮ್ಮ ಧರ್ಮಕೇಂದ್ರದಲ್ಲಿಯೂ ಇರಬಹುದು. ಕೆಲಸ ನಿಲ್ಲಿಸಿದ ಮೂತ್ರಪಿಂಡಗಳ ಬದಲಿಗೆ ಯಂತ್ರವೊಂದು ಸುಮಾರು ನಾಲ್ಕು ಗಂಟೆಗಳ ಕಾಲ ಅವರ ರಕ್ತವನ್ನು ಶುದ್ಧಗೊಳಿಸಿ, ಮೈಯಲ್ಲಿ ನಿಂತ ಹೆಚ್ಚುವರಿ ನೀರನ್ನು ಹೊರತೆಗೆಯುತ್ತದೆ. ಆ ಅವಧಿಯ ಕೊನೆಯ ಭಾಗದಲ್ಲಿ ಅನೇಕರ ಮೀನಖಂಡವೋ ಪಾದವೋ ಕಲ್ಲಿನಂತೆ ಸೆಟೆದುಕೊಳ್ಳುತ್ತದೆ. ಪ್ರಾಣ ಹೋಗುವ ಸಂಗತಿಯಲ್ಲವೆಂದು ನಾವದನ್ನು ಸಣ್ಣ ನೋವೆನ್ನುತ್ತೇವೆ. ಅದು ಸಣ್ಣದೆಂದು ಅನುಭವಿಸಿದವರು ಹೇಳಿದ್ದನ್ನು ಮಾತ್ರ ನಾನು ಕೇಳಿಲ್ಲ.

ನೀರನ್ನು ಬಲು ಬೇಗ ತೆಗೆದಾಗ ಸ್ನಾಯುಗಳಿಗೆ ರಕ್ತದ ಹರಿವು ಕುಂದುವುದು ಈ ಸೆಳೆತಕ್ಕೆ ಒಂದು ಮುಖ್ಯ ಕಾರಣವೆಂದು ವೈದ್ಯರು ಎಣಿಸುತ್ತಾರೆ. ಇದನ್ನು ಅರಿತ ಮನೆಯವರ ಬಾಯಿಂದ ಹೊರಡುವ ಮೊದಲ ಮಾತು, “ನೀರು ಕುಡಿಯಬೇಡವೆಂದು ಹೇಳಿರಲಿಲ್ಲವೇ?” ಎಂಬುದು. ಮಾತು ಪೂರ್ತಿ ಸುಳ್ಳಲ್ಲ. ಎರಡು ಡಯಾಲಿಸಿಸ್‌ಗಳ ನಡುವೆ ಮೈಯಲ್ಲಿ ನೀರು ಹೆಚ್ಚಿದಷ್ಟೂ ಅದೇ ನಾಲ್ಕು ಗಂಟೆಯಲ್ಲಿ ತೆಗೆಯಬೇಕಾದದ್ದೂ ಹೆಚ್ಚು. ಆದರೆ ಯೋಬನ ಗೆಳೆಯರೂ ಪೂರ್ತಿ ಸುಳ್ಳಾಡಿದವರಲ್ಲ. ನರಳುವವನ ಮುಂದೆ ಕುಳಿತು ಅವನ ತಪ್ಪನ್ನು ಹುಡುಕಿದ್ದೇ ಅವರ ಅಪರಾಧ.

ಆ ದಾಹ ಬಂದದ್ದಾದರೂ ಎಲ್ಲಿಂದ? ಬಹುಪಾಲು ಉಪ್ಪಿನಿಂದ. ದೇಹ ಸೇರಿದ ಎಂಟು ಒಂಬತ್ತು ಗ್ರಾಂ ಉಪ್ಪು ಸುಮಾರು ಒಂದು ಲೀಟರ್ ನೀರನ್ನು ಹಿಡಿದಿಡುತ್ತದೆ. ಆ ನೀರು ದೊರೆಯುವ ತನಕ ನಾಲಗೆ ಸುಮ್ಮನಿರದು. ಒಣಮೀನು, ಹಪ್ಪಳ, ಉಪ್ಪಿನಕಾಯಿಗಳನ್ನು ಎಲ್ಲರ ತಟ್ಟೆಗೂ ಬಡಿಸಿ, ಆಮೇಲೆ ಒಬ್ಬನ ಲೋಟವನ್ನು ಮಾತ್ರ ಕಾಯುವುದು ಎಂಥ ನ್ಯಾಯ? ರೋಗಿಗೆ ಹೊಣೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಸಾರಿಗೆ ಉಪ್ಪು ಹಾಕುವ ಕೈ ಹೆಚ್ಚಿನ ಮನೆಗಳಲ್ಲಿ ರೋಗಿಯದಲ್ಲ.

ಇನ್ನು ಯಂತ್ರದ ಅವಸರ. ಕಿಲೋ ತೂಕವೊಂದಕ್ಕೆ ಗಂಟೆಗೆ 13 ಮಿಲಿಲೀಟರಿಗಿಂತ ಹೆಚ್ಚು ತೆಗೆಯದಿರುವುದು ಒಳಿತೆಂದು ಅನೇಕ ವೈದ್ಯರು ಭಾವಿಸುತ್ತಾರೆ. ಅಂದರೆ 50 ಕಿಲೋ ತೂಕದವರಿಗೆ ನಾಲ್ಕು ಗಂಟೆಯಲ್ಲಿ ಸುಮಾರು 2.6 ಲೀಟರ್. ಅದಕ್ಕೂ ಹೆಚ್ಚಿದ್ದರೆ ಇನ್ನಷ್ಟು ಹೊತ್ತು ಮಲಗಿಸಬೇಕು, ಇಲ್ಲವೇ ಇನ್ನೊಂದು ದಿನ ಕರೆಸಬೇಕು. ಹೊರಗೆ ಮುಂದಿನ ರೋಗಿ ಕಾದಿರುತ್ತಾರೆ. ಊರಿಗೆ ಕೊನೆಯ ಬಸ್ಸು ಹೊರಡುವುದರಲ್ಲಿರುತ್ತದೆ. ಇನ್ನೊಂದು ದಿನವೆಂದರೆ ಇನ್ನೊಂದು ದಿನದ ಕೂಲಿ. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಘೋಷಿಸಿದ ಮೇಲೆ ಬಡವರಿಗೆ ಬಾಗಿಲು ತೆರೆದದ್ದು ನಿಜ. ಆದರೆ ಚಿಕಿತ್ಸೆ ಉಚಿತವಾದ ಮಾತ್ರಕ್ಕೆ ಪ್ರಯಾಣ ಉಚಿತವಾಗುವುದಿಲ್ಲ. ಈ ಎಲ್ಲ ಇಕ್ಕಟ್ಟುಗಳ ಲೆಕ್ಕ ಕೊನೆಗೆ ಒಬ್ಬನ ಮೀನಖಂಡದಲ್ಲಿ ತೀರುತ್ತದೆ.

ಭಕ್ತರಲ್ಲಿ ಕೆಲವರು ಹಲ್ಲು ಕಚ್ಚಿ ಸುಮ್ಮನಿರುತ್ತಾರೆ. ನೋವನ್ನು ದೇವರಿಗೆ ಅರ್ಪಿಸಿದೆನೆನ್ನುತ್ತಾರೆ. ಅವರ ವಿಶ್ವಾಸಕ್ಕೆ ತಲೆಬಾಗುತ್ತೇನೆ. ಆ ಮೌನವನ್ನು ಮಾತ್ರ ಒಪ್ಪಲಾರೆ. ಶಿಲುಬೆಯ ಮೇಲೆ ಪ್ರಭು ಯೇಸು ತಮ್ಮ ದಾಹವನ್ನು ಬಾಯಿಬಿಟ್ಟು ಹೇಳಿದರು. ಸೆಳೆತ ಆರಂಭವಾದೊಡನೆ ತಿಳಿಸಿದರೆ ದಾದಿಯರು ನೀರು ತೆಗೆಯುವ ವೇಗವನ್ನು ಇಳಿಸುತ್ತಾರೆ ಅಥವಾ ನಿಲ್ಲಿಸುತ್ತಾರೆ, ರಕ್ತದೊತ್ತಡ ನೋಡುತ್ತಾರೆ, ಬೇಕಾದರೆ ಲವಣದ್ರಾವಣ ಕೊಡುತ್ತಾರೆ. ಕಾಲ್ಬೆರಳುಗಳನ್ನು ಮೊಣಕಾಲಿನತ್ತ ಬಾಗಿಸಿ ಹಿಡಿದರೆ ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ. ತಡೆಯಲಾರದೆ ಅರ್ಧಕ್ಕೇ ಎದ್ದುಬಂದರೆ ಉಳಿದ ನೀರು ರಾತ್ರಿ ಉಸಿರಾಟಕ್ಕೆ ಅಡ್ಡಬರಬಹುದು. ಹಿಂದೆ ಕಾಲುಸೆಳೆತಕ್ಕೆ ಕ್ವಿನೈನ್ ಮಾತ್ರೆ ನುಂಗುವ ರೂಢಿಯಿತ್ತು. ರಕ್ತಕ್ಕೆ ತೀವ್ರ ಹಾನಿಯಾಗಬಹುದೆಂದು 2010ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಸಿದರು. ವೈದ್ಯರನ್ನು ಕೇಳದೆ ಯಾವ ಮಾತ್ರೆಯೂ ಬೇಡ.

ನಮ್ಮ ಪ್ರೀತಿಯೇ ಅಪಾಯವಾಗುವ ಸಂದರ್ಭವೂ ಉಂಟು. ಸೆಳೆತಕ್ಕೆ ಒಳ್ಳೆಯದೆಂದು ನಾವು ಬಾಳೆಹಣ್ಣು, ಎಳನೀರು ಹಿಡಿದು ರೋಗಿಯ ಮನೆಗೆ ಹೋಗುತ್ತೇವೆ. ಇವೆರಡರಲ್ಲೂ ಪೊಟ್ಯಾಸಿಯಂ ಹೇರಳ. ಮೂತ್ರಪಿಂಡ ಸೋತವರ ರಕ್ತದಲ್ಲಿ ಅದು ಏರಿದರೆ ಹೃದಯವೇ ನಿಂತುಹೋಗಬಹುದು. ಮುಂದಿನ ಭಾನುವಾರ ಬಲಿಪೂಜೆಯ ನಂತರ ಅವರನ್ನು ಕಾಣಲು ಹೊರಟರೆ ಬರಿಗೈಯಲ್ಲೇ ಹೋಗಿ. ಡಯಾಲಿಸಿಸ್ ದಿನ ಜೊತೆಗೆ ಬರಲು ಯಾರಾದರೂ ಇದ್ದಾರೆಯೇ, ಬಸ್ಸು ತಪ್ಪಿದರೆ ಊರಿಗೆ ಹೇಗೆ ಮರಳುತ್ತಾರೆ ಎಂದು ವಿಚಾರಿಸಿ. ಮನೆಯಲ್ಲಿ ಸ್ಕೂಟರೋ ಕಾರೋ ಇದ್ದವರು ತಿಂಗಳಿಗೊಂದು ದಿನವನ್ನು ಹಂಚಿಕೊಂಡರೂ ಸಾಕು, ಅವರು ಗಡಿಯಾರ ನೋಡದೆ ಮಲಗಿರಬಹುದು.