ತಾಯಿಯ ಮಾತನ್ನು ಬಿಡಿಸುವ ಅಧಿಕಾರ ಯಾರಿಗಿದೆ?

ಅಕ್ಕಲಕೋಟೆ ಸೀಮೆಯ ಎಷ್ಟೋ ಮನೆಗಳಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಸೊಲ್ಲಾಪುರದ ಆಸ್ಪತ್ರೆಗೆ ಹೋದರೆ ಮರಾಠಿಯ ಜೊತೆಗೆ ಹಿಂದಿ, ವೈದ್ಯರ ಚೀಟಿಯಲ್ಲಿ ಇಂಗ್ಲಿಷು. ಗಡಿನಾಡಿನ ಮಕ್ಕಳು ಇವೆಲ್ಲವನ್ನೂ ಅರಗಿಸಿಕೊಂಡೇ ಬೆಳೆಯುತ್ತಾರೆ. ಆದರೆ ಮೂರು ವರ್ಷವಾದರೂ ಮಾತು ಬಾರದ, ಹೆಸರು ಹಿಡಿದು ಕರೆದರೂ ತಿರುಗಿ ನೋಡದ, ಸಿದ್ಧೇಶ್ವರ ಜಾತ್ರೆಯ ವಾದ್ಯಕ್ಕೆ ಕಿವಿ ಮುಚ್ಚಿಕೊಂಡು ಚೀರುವ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಹಲವೊಮ್ಮೆ ದೊರೆಯುವ ಉಪದೇಶವೊಂದುಂಟು: ‘ಮನೆಯಲ್ಲಿ ಒಂದೇ ಭಾಷೆ ಇರಲಿ, ಕನ್ನಡ ಬಿಡಿ.’ ಹೇಳುವವರ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ಅದು ನ್ಯಾಯವೇ ಎಂದು ಮಾತ್ರ ಕೇಳುತ್ತೇವೆ.

ಸ್ವಲೀನತೆ, ಅಂದರೆ ಆಟಿಸಂ, ಎಂಬುದನ್ನು ಬಾಲ್ಟಿಮೋರಿನ ವೈದ್ಯ ಲಿಯೊ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಕಂಡು ವಿವರಿಸಿದರು. ಅನಂತರದ ದಶಕಗಳಲ್ಲಿ ಅದಕ್ಕೆ ತಾಯಿಯ ಪ್ರೀತಿಯ ಕೊರತೆಯೇ ಕಾರಣವೆಂದು ದೊಡ್ಡ ದೊಡ್ಡ ಪಂಡಿತರೇ ನಂಬಿದ್ದರು. ಅಂಥದೇ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಗ್ರಂಥವನ್ನೇ ಬರೆದು ಅದನ್ನು ಖಂಡಿಸಿದರು. 1977ರಲ್ಲಿ ಅವಳಿ ಮಕ್ಕಳ ಅಧ್ಯಯನವು ವಂಶವಾಹಿಗಳ ಪಾತ್ರವನ್ನು ತೋರಿಸಿತು. ತಾಯಿ ದೋಷಮುಕ್ತಳಾದಳು. ಆದರೆ ಆರೋಪಕ್ಕೆ ವೇಷ ಬದಲಿಸುವ ಚಾತುರ್ಯವಿದೆ. ಅಂದು ತಾಯಿಯ ಎದೆ ತಣ್ಣಗಿದೆ ಎಂದರು, ಇಂದು ತಾಯಿಯ ಭಾಷೆ ತಪ್ಪು ಎನ್ನುತ್ತಾರೆ.

ಎರಡು ಭಾಷೆಗಳ ಮನೆಯಲ್ಲಿ ಬೆಳೆದ ಇಂಥ ಮಕ್ಕಳನ್ನು ಒಂದೇ ಭಾಷೆಯ ಮನೆಯವರೊಡನೆ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ, ಎರಡನೆಯ ಭಾಷೆಯಿಂದ ಮಾತು ಮತ್ತಷ್ಟು ತಡವಾದದ್ದು ಕಂಡುಬಂದಿಲ್ಲ. ವೈದ್ಯವೃತ್ತಿಯಲ್ಲಿರುವ ನಾವು ಇದನ್ನು ಪುಸ್ತಕಕ್ಕಿಂತ ಹೆಚ್ಚಾಗಿ ತಾಯಂದಿರಿಂದ ಕಲಿತೆವು. ಬಾಯಾರಿದಾಗ ‘ನೀರ ಬೇಕೇನ?’ ಎನ್ನುವ ಮಗುವುಂಟು. ಅದು ಪ್ರಶ್ನೆಯಲ್ಲ, ನೀರು ಕೊಡುವಾಗ ತಾಯಿ ಆಡಿದ ಮಾತನ್ನೇ ಮಗು ಇಡಿಯಾಗಿ ಹಿಂದಿರುಗಿಸುತ್ತಿದೆ. ಕ್ಯಾನರ್ ಕಂಡ ಮಕ್ಕಳಲ್ಲಿಯೂ ಹೀಗೆಯೇ ಇತ್ತು. ಕನ್ನಡ ಬಾರದ ಪರೀಕ್ಷಕನಿಗೆ ಇದು ಬರಿಯ ಸದ್ದು, ತಾಯಿಗೆ ಮಾತ್ರ ಬೇಡಿಕೆ. ಆ ಒಂದು ವಾಕ್ಯವನ್ನು ಹಿಡಿದು ‘ನೀರ ಬೇಕು’ ಎಂಬಲ್ಲಿಗೆ ಮಗುವನ್ನು ಕರೆತರಬಹುದು. ತಾಯಿಯ ಬಾಯಿಂದ ಕನ್ನಡವನ್ನು ತೆಗೆದುಹಾಕಿದರೆ ಹಿಡಿಯಲು ಏನುಳಿಯಿತು? ಅರೆಬರೆ ಬಂದ ಭಾಷೆಯಲ್ಲಿ ಆಕೆ ಜೋಗುಳ ಹಾಡಲಾರಳು, ಮುದ್ದಿಸಿ ಗದರಲಾರಳು. ಅಜ್ಜಿಯಂತೂ ತನ್ನ ಮನೆಯಲ್ಲೇ ಮೂಕಿಯಾಗುತ್ತಾಳೆ. ಮನುಷ್ಯರ ನಂಟೇ ಕಷ್ಟವಾಗಿರುವ ಕೂಸಿಗೆ ಇದ್ದ ಮನುಷ್ಯರನ್ನೂ ಕಡಿಮೆ ಮಾಡಿದಂತಾಯಿತು.

ಶಾಲೆ ಮರಾಠಿಯದಾದರೆ ಮರಾಠಿ ಬೇಕು, ನಿಜ. ಕೂಡಿಸಿಕೊಳ್ಳೋಣ. ಮರಾಠಿಯಲ್ಲಿ ಓದಿ ಕನ್ನಡದಲ್ಲಿ ಸಿದ್ಧರಾಮನ ಕಥೆ ಬರೆದ ಜಯದೇವಿತಾಯಿ ಲಿಗಾಡೆಯವರ ಊರಿನಲ್ಲಿ ಇದನ್ನು ವಾದಿಸಬೇಕಾಗಿ ಬಂದದ್ದೇ ವಿಚಿತ್ರ! ಎಂದೂ ಮಾತು ಬಾರದ ಮಕ್ಕಳೂ ಇದ್ದಾರೆ. ಅವರಿಗೆ ಚಿತ್ರ ತೋರಿಸಿ ಕಲಿಸುತ್ತೇವೆ. ರೊಟ್ಟಿಯ ಚಿತ್ರಕ್ಕೆ ಮನೆಯಲ್ಲಿ ಕರೆಯುವ ಹೆಸರೇ ಇರಲಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಸ್ವಲೀನತೆಯೂ ಒಂದು. ಪ್ರಮಾಣಪತ್ರಕ್ಕಾಗಿ ಬಳಸುವ ಭಾರತೀಯ ಮಾಪನದಲ್ಲಿ 40 ಅಂಶಗಳಿವೆ. ಮಗುವಿನ ದಿನಚರಿಯನ್ನು ಬಲ್ಲ ತಾಯಿಯನ್ನು ಕೇಳದೆ ಅವನ್ನು ತುಂಬಲಾಗದು. ಆಕೆ ಕನ್ನಡದಲ್ಲಿಯೇ ಹೇಳಲಿ. ಪಕ್ಕದಲ್ಲಿ ಕುಳಿತು ಮರಾಠಿಗೆ ತಿರುಗಿಸಬಲ್ಲವರು ನಮ್ಮ ಸಂಘದಲ್ಲಿ ಕಡಿಮೆಯೇನೂ ಇಲ್ಲ.