ಬೇಟೆಗಾರನ ಅರಿವು

ಕೊಲ್ಲುವುದಕ್ಕಾಗಿ ಒಂದು ಜೀವಿಯನ್ನು ಅರಿತವನ ಅರಿವಿಗೆ ನಾವು ಗೌರವ ಸಲ್ಲಿಸಬಹುದೇ? ಅಕ್ಕಲಕೋಟ ಸೀಮೆಯಲ್ಲಿ ಬೆಳೆದ ನನಗೆ ಈ ಪ್ರಶ್ನೆ ಗ್ರಂಥಗಳಿಂದ ಬಂದುದಲ್ಲ, ಸೋದರಮಾವನಿಂದ ಬಂದುದು. ಅವರು ಗೌಜಲಕ್ಕಿಯ ಬೇಟೆಗಾರರು.

ಗೌಜಲಕ್ಕಿ ನವಿಲು, ಕಾಡುಕೋಳಿ, ಹಿಮಾಲಯದ ಫೆಸೆಂಟ್‌ಗಳ ಕುಲದ್ದು. ಹಾರುವುದಕ್ಕಿಂತ ಓಡುವುದರಲ್ಲೇ ಅದಕ್ಕೆ ನಂಬಿಕೆ. ತೀರ ಸಮೀಪಿಸಿದರೆ ಮಾತ್ರ ಭರ್ರನೆ ಎದ್ದು, ಅನತಿ ದೂರದಲ್ಲಿ ಇಳಿದು ಮತ್ತೆ ಓಡುತ್ತದೆ. ಹಗಲೆಲ್ಲ ನೆಲದ ಮೇಲೆ ಕಾಳು, ಗೆದ್ದಲು ಹೆಕ್ಕಿದರೂ ರಾತ್ರಿ ತಂಗುವುದು ಮುಳ್ಳುಗಿಡಗಳಲ್ಲಿ. ನಸುಕಿನಲ್ಲಿ ಗಂಡು ಕೂಗಿ ತನ್ನ ಎಲ್ಲೆಯನ್ನು ಸಾರುತ್ತದೆ. ಅಲ್ಲಿ ಇನ್ನೊಂದು ಗಂಡಿನ ಕೂಗು ಕೇಳಿದರೆ ಕಾದಾಡಲು ಧಾವಿಸುತ್ತದೆ. ಬೇಟೆಗಾರನಿಗೆ ಇಷ್ಟು ಸಾಕು. ಮಾವ ಸಾಕುಹಕ್ಕಿಯ ಪಂಜರವನ್ನು ಬದುವಿನ ಮೇಲಿಟ್ಟು ಸುತ್ತ ಉರುಲು ಒಡ್ಡುತ್ತಿದ್ದರು. ಆ ಹಕ್ಕಿಯನ್ನು ಮರಿಯಿಂದಲೇ ಗೆದ್ದಲು ತಿನ್ನಿಸಿ ಬೆಳೆಸಿದ್ದರು. ಪಂಜರ ತೆರೆದರೆ ಅದು ನಾಯಿಯಂತೆ ಅವರ ಹಿಂದೆ ನಡೆಯುತ್ತಿತ್ತು.

ನನ್ನನ್ನು ಕಾಡುವುದು ಕೊಲೆಗಿಂತ ಹೆಚ್ಚಾಗಿ ಈ ಉಪಾಯ. ಕಾಡುಹಕ್ಕಿಯ ದೌರ್ಬಲ್ಯವಲ್ಲ, ಶೌರ್ಯವೇ ಅದನ್ನು ಉರುಲಿಗೆ ತರುತ್ತದೆ. ಸಾಕುಹಕ್ಕಿಯ ವಿಶ್ವಾಸವೇ ಬಲೆಯ ಎಳೆಯಾಗುತ್ತದೆ. ಅರಿವು ಪವಿತ್ರ, ಬಳಕೆ ಪಾಪ ಎಂದು ಬೇರ್ಪಡಿಸುವುದು ಸುಲಭ. ಆದರೆ ಬಳಕೆಯ ಆಸೆ ಇಲ್ಲದಿದ್ದರೆ ಮಾವ ನಿತ್ಯವೂ ಕತ್ತಲಲ್ಲೆದ್ದು ಹೊಲದಂಚಿನಲ್ಲಿ ಕಿವಿಗೊಟ್ಟು ಕೂರುತ್ತಿದ್ದರೇ? ಸಲೀಂ ಅಲಿಯವರನ್ನು ಪಕ್ಷಿಲೋಕಕ್ಕೆ ಕರೆದೊಯ್ದುದೂ ಬಾಲ್ಯದಲ್ಲಿ ಅವರು ಏರ್‌ಗನ್ನಿನಿಂದ ಹೊಡೆದ ಹಳದಿ ಕತ್ತಿನ ಗುಬ್ಬಿಯೇ. ಹಾಗೆಂದು ಉರುಲನ್ನು ಸಮರ್ಥಿಸಲಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇಂದು ಅದು ಅಪರಾಧ. ಮಾವನೂ ಅದನ್ನು ಎಂದೋ ಅಟ್ಟಕ್ಕೇರಿಸಿದರು.

ಆದರೂ ಒಂದು ಮಾತನ್ನು ಮುಚ್ಚಿಡಲಾರೆ. ನಮ್ಮೆರಡು ಹೊಲಗಳ ನಡುವೆ ಜಾಲಿಯ ದಟ್ಟ ಬೇಲಿಯಿತ್ತು. ಅದಕ್ಕೆ ಕೊಡಲಿ ತಾಗಲು ಮಾವ ಬಿಡುತ್ತಿರಲಿಲ್ಲ. “ಹಕ್ಕಿ ರಾತ್ರಿ ಎಲ್ಲಿ ಕೂಡಬೇಕು?” ಎನ್ನುತ್ತಿದ್ದರು. ಅವರ ಕಾಲು ಸೋತು ಹೊಲಕ್ಕೆ ಬರುವುದು ನಿಂತ ವರ್ಷ, ಕಬ್ಬಿಗೆ ಎರಡು ಸಾಲು ಹೆಚ್ಚು ದೊರೆಯಲೆಂದು ನಾನು ಬೇಲಿಯನ್ನು ಕಡಿಸಿದೆ. ನಾನು ಉರುಲು ಮುಟ್ಟಿದವನಲ್ಲ, ಮಾಂಸ ತಿಂದವನಲ್ಲ. ಆ ಕಾರಣಕ್ಕೆ ಮಾವನೆದುರು ಒಳಗೊಳಗೇ ಬೀಗಿದವನು.

ಕೆಲವು ತಿಂಗಳ ಮೇಲೆ ಮನೆಯ ಕಟ್ಟೆಯಲ್ಲಿ ಕುಳಿತಿದ್ದ ಮಾವ, ಬೆಳಗಿನ ಕೂಗು ನಿಂತು ಎಷ್ಟು ದಿನವಾಯಿತೆಂದು ನನ್ನನ್ನು ಕೇಳಿದರು. ನಿಂತಿದೆ ಎಂಬುದೇ ನನಗೆ ತಿಳಿದಿರಲಿಲ್ಲ.