ಬಗ್ಗಿ ಎತ್ತಿಕೊಂಡವರ ಪಾಡು

ಬಿಎಂಟಿಸಿ ಬಸ್ಸಿನ ಸೀಟಿನ ಮೇಲೆ ಯಾರದೋ ಪರ್ಸು ಬಿದ್ದಿದೆ ಅಂದ್ಕೊಳ್ಳಿ. ನಿಮ್ಮ ಮುಂದೆ ಮೂರು ದಾರಿ: ಜೇಬಿಗಿಳಿಸೋದು, ಕಳ್ಕೊಂಡವರನ್ನ ಹುಡುಕೋದು, ನೋಡೇ ಇಲ್ಲ ಅನ್ನೋ ಹಾಗೆ ಇಳಿದು ಹೋಗೋದು. ಮೊದಲನೇದು ತಪ್ಪು, ಎರಡನೇದು ಒಳ್ಳೇದು. ನನ್ನ ತಲೆ ಕೊರೆಯೋದು ಮೂರನೇದು.

ನಮ್ಮ ಕಾನೂನು ಈ ಮೂರನೆಯವರನ್ನ ಏನೂ ಕೇಳಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 71ರ ಪ್ರಕಾರ, ಬಿದ್ದಿದ್ದನ್ನ ಎತ್ತಿ ಇಟ್ಟುಕೊಂಡಾಗಲೇ ಹೊಣೆ ಶುರು. ಯಾರೋ ನಂಬಿ ಕೊಟ್ಟು ಹೋದ ವಸ್ತುವಿನಂತೆ ಅದನ್ನ ಜೋಪಾನ ಮಾಡಬೇಕು. ಯಾರದ್ದು ಅಂತ ಗೊತ್ತಿದ್ದೂ, ಇಲ್ಲವೇ ಹುಡುಕೋ ಪ್ರಯತ್ನವನ್ನೇ ಮಾಡದೆ ಸ್ವಂತಕ್ಕೆ ಬಳಸಿದರೆ ಅಪರಾಧ. ಹಿಂದೆ ಐಪಿಸಿ 403 ಇತ್ತು, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 314. ಹುಡುಕೋಕೆ ಪಟ್ಟ ಕಷ್ಟಕ್ಕೆ ದುಡ್ಡು ಕೊಡಿಸಿ ಅಂತ ಕೋರ್ಟಿಗೂ ಹೋಗೋ ಹಾಗಿಲ್ಲ. ಖರ್ಚು ಕೊಡೋವರೆಗೆ ವಸ್ತು ಹಿಡಿದಿಟ್ಟುಕೊಳ್ಳಬಹುದು. ಮಾಲೀಕರು ಬಹುಮಾನ ಘೋಷಿಸಿದ್ದರೆ ಅದನ್ನ ಕೇಳಬಹುದು.

ಐಟಿಯವರಿಗೆ ಇದು ಹೊಸದೇನಲ್ಲ. ಹಳೇ ಕೋಡಲ್ಲಿ ಬಗ್ ಇದೆ ಅಂತ ಬಾಯಿ ಬಿಟ್ಟವರ ಹೆಸರಿಗೇ ಟಿಕೆಟ್ ಬೀಳುತ್ತೆ. ಸುಮ್ಮನಿದ್ದವರು ಹೊತ್ತಿಗೆ ಸರಿಯಾಗಿ ಕ್ಯಾಬ್ ಹತ್ತುತ್ತಾರೆ.

ಹಾಗಾದ್ರೆ ಕಾನೂನೇ ತಪ್ಪಾ? ನನಗೆ ಹಾಗನ್ನಿಸಲ್ಲ. ಬಿದ್ದಿದ್ದನ್ನೆಲ್ಲ ಎತ್ತಲೇಬೇಕು ಅಂದ್ರೆ ನಾವ್ಯಾರೂ ಆಫೀಸ್ ತಲುಪಲ್ಲ. ಎತ್ತಿದವರಿಗೆ ಹೊಣೆಯೇ ಇಲ್ಲ ಅಂದ್ರೆ ಪ್ರತಿ ಕಳ್ಳನೂ 'ದಾರೀಲಿ ಸಿಕ್ತು ಸಾರ್' ಅಂತಾನೆ. ದುರಾಸೆಗೆ ಶಿಕ್ಷೆ ಕೊಡೋದು ಕಾನೂನಿಗೆ ಸಾಧ್ಯ; ಕಾಳಜಿ ಹುಟ್ಟಿಸೋದು ಅದರ ಕೈಲಾಗಲ್ಲ.

ನಮ್ಮೂರಲ್ಲಿ ಆ ಕೆಲಸ ಮಾಡ್ತಿದ್ದದ್ದು ಪರಿಚಯ. ದಾರೀಲಿ ಕುಡುಗೋಲು ಸಿಕ್ಕರೆ ಹಿಡಿ ನೋಡಿಯೇ ಇಂಥವರ ಮನೇದು ಅಂತಿದ್ರು. ಹಳ್ಳಿಯವರು ನಮಗಿಂತ ಪ್ರಾಮಾಣಿಕರು ಅಂತಲ್ಲ. ಇಟ್ಟುಕೊಂಡ್ರೆ ನಾಳೆ ಅದೇ ಕುಡುಗೋಲು ಹಿಡಿದು ಗದ್ದೆಗೆ ಇಳಿಯೋಕಾಗ್ತಿರಲಿಲ್ಲ, ಅಷ್ಟೆ. ನೋಡಿಯೂ ಬಿಟ್ಟು ಬಂದರೆ 'ಒಂದು ಮಾತು ಹೇಳಬಾರದಿತ್ತೇನೋ?' ಅಂತ ಕೇಳೋರೂ ಇದ್ರು.

ಸಿಟೀಲಿ ಹಾಗೆ ಕೇಳೋರಿಲ್ಲ. ಅದಕ್ಕೇ ಇಲ್ಲಿ ಬಗ್ಗಿ ಎತ್ತೋದಕ್ಕೆ ಬೆಲೆ ಜಾಸ್ತಿ ಅನ್ಸುತ್ತೆ: ಊರಿನ ಭಯ ಇಲ್ಲ, ಕಾನೂನಿನ ಒತ್ತಾಯ ಇಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ಆ ಪರ್ಸಲ್ಲಿ ಯಾರದೋ ಡಿಎಲ್ ಇದೆ, ಆಧಾರ್ ಇದೆ, ಬಹುಶಃ ನಾಳೆ ಕಟ್ಟಬೇಕಾದ ಬಾಡಿಗೆಯೂ ಇದೆ. ಕಂಡಕ್ಟರಿಗೆ ತೋರಿಸೋಕೋ, ಹತ್ತಿರದ ಸ್ಟೇಷನ್ನಿಗೆ ಮುಟ್ಟಿಸೋಕೋ ನಮ್ಮದು ಸ್ವಲ್ಪ ಹೊತ್ತು ಹೋಗಬಹುದು. ಸುಮ್ಮನೆ ಇಳಿದು ಹೋದವರು ಕಳ್ಳರಲ್ಲ, ಒಪ್ಪಿದೆ. ಆದರೆ ಪರ್ಸು ಕಳ್ಕೊಂಡವರಿಗೆ ಅದರಿಂದ ಆದ ಉಪಕಾರ ಏನು, ಹೇಳಿ?